ಲಗ್ನ: ಒಂದು ಸಂಕೇತದ ಅರ್ಥವಿಕಾಸ

ಜ್ಯೋತಿಷವನ್ನು ನಂಬಬೇಕೆ ಬಿಡಬೇಕೆ ಎಂಬುದು ಒಂದು ಪ್ರಶ್ನೆ. ಅದರ ಪರಿಭಾಷೆ ಜನಜೀವನದಲ್ಲಿಯೂ ಸಾಹಿತ್ಯದಲ್ಲಿಯೂ ಯಾವ ಯಾವ ಅರ್ಥಗಳನ್ನು ತಾಳಿತು ಎಂಬುದು ಇನ್ನೊಂದು. ಎರಡನೆಯದು ಸಾಹಿತ್ಯಾಭ್ಯಾಸಿಗಳಿಗೆ ಸೇರಿದುದು. ಅದಕ್ಕೆ ‘ಲಗ್ನ’ ಎಂಬ ಒಂದು ಶಬ್ದವೇ ಸಾಕು.

ಲಗ್ನವೆಂದರೆ ಅಂಟಿಕೊಂಡದ್ದು. ಮೂಡಣ ದಿಗಂತಕ್ಕೆ ತಾಗಿ ಉದಯಿಸುವ ರಾಶಿಗೆ ಶಾಸ್ತ್ರಜ್ಞರು ಈ ಹೆಸರನ್ನಿತ್ತರು. ಈ ಶಾಸ್ತ್ರವಾದರೂ ಒಂದೇ ನೆಲದ ಬೆಳೆಯಲ್ಲ. ದ್ವಾದಶ ರಾಶಿಗಳ ಕಲ್ಪನೆ ಬ್ಯಾಬಿಲೋನಿಯದಲ್ಲಿ ಹುಟ್ಟಿ, ಗ್ರೀಕರ ಮೂಲಕ ಭಾರತಕ್ಕೆ ಬಂದಿತು. ಹೋರಾ, ಕೇಂದ್ರ, ದ್ರೇಕ್ಕಾಣ ಎಂಬ ಶಬ್ದಗಳು ಗ್ರೀಕ್ ಮೂಲದವು. 6ನೆಯ ಶತಮಾನದ ವರಾಹಮಿಹಿರನು ಯವನರ ಜ್ಯೋತಿಷಜ್ಞಾನವನ್ನು ಮುಕ್ತಕಂಠದಿಂದ ಗೌರವಿಸಿದ್ದಾನೆ. ಕನ್ನಡದಲ್ಲಿ ಶ್ರೀಧರಾಚಾರ್ಯನು 1049ರಲ್ಲಿ, ಚಾಲುಕ್ಯ ಆಹವಮಲ್ಲನ ಕಾಲದಲ್ಲಿ, ‘ಜಾತಕತಿಲಕ’ವನ್ನು ರಚಿಸಿದನು.

ಗ್ರಂಥದಿಂದ ಮನೆಯಂಗಳಕ್ಕೆ ಇಳಿದಾಗ ಶಬ್ದದ ಅರ್ಥ ಹಿಗ್ಗಿತು. ಮದ್ದೂರು ಸೀಮೆಯ ಶಿವಪುರದಂತಹ ಊರುಗಳಲ್ಲಿ ಲಗ್ನವೆಂದರೆ ಮದುವೆಯೇ. ದಿನ ಗೊತ್ತುಮಾಡಿಸುವುದು ‘ಲಗ್ನ ಕಟ್ಟಿಸುವುದು’. ಅದೇ ಒಕ್ಕಲಿಗನ ಬಾಯಲ್ಲಿ ಭರಣಿ, ಆರಿದ್ರೆಗಳು ಮಳೆಯ ಹೆಸರುಗಳು. ಸೂರ್ಯನು ಒಂದೊಂದು ನಕ್ಷತ್ರದಲ್ಲಿ ಸುಮಾರು 13-14 ದಿನ ಇರುವನಾದ್ದರಿಂದ ಅವು ಬಿತ್ತನೆಯ ಹದವನ್ನು ತಿಳಿಸುವ ಪಂಚಾಂಗವಾದುವು. ಇಲ್ಲಿ ನಕ್ಷತ್ರವು ಹಣೆಬರಹವಲ್ಲ, ದುಡಿಮೆಯ ಕಾಲಸೂಚಿ.

ಜಾತಕತಿಲಕಕ್ಕೆ ಒಂದು ಶತಮಾನದ ತರುವಾಯ ಕಲ್ಯಾಣದಲ್ಲಿ ಬಸವಣ್ಣನವರು ಶುಭಲಗ್ನವನ್ನು ಕುರಿತು ನುಡಿದ ವಚನವು ಸುಪ್ರಸಿದ್ಧವಾಗಿದೆ. ಇದನ್ನು ಜ್ಯೋತಿಷಖಂಡನೆಯೆಂದಷ್ಟೇ ಓದುವುದು ರೂಢಿ. ಆದರೆ ಅಣ್ಣನವರು ಜೋಯಿಸರ ಮಾತನ್ನು ಬಿಸುಡುವುದಿಲ್ಲ. ರಾಶಿಕೂಟ, ತಾರಾಬಲ, ಚಂದ್ರಬಲಗಳೆಲ್ಲ ಅಲ್ಲಿ ಹೆಸರುಗೊಂಡಿವೆ. ಕೇಳಿದವರಿಗೆ ಇವೆಲ್ಲವೂ ಉಂಟೆಂದೇ ಹೇಳಬೇಕೆಂಬುದು ಅವರ ನಿಲುವು. ಲೆಕ್ಕ ಹಾಕದೆಯೇ ಉತ್ತರ ಸಿದ್ಧವಾದಾಗ ಲೆಕ್ಕದ ಅಧಿಕಾರವು ತಾನಾಗಿ ಕಳಚಿಬೀಳುತ್ತದೆ; ಶುಭದ ಆಧಾರವು ಗ್ರಹಗತಿಯಿಂದ ಕೂಡಲಸಂಗಮದೇವನ ಪೂಜೆಗೆ ಸರಿಯುತ್ತದೆ. ಪರಿಭಾಷೆ ಹಳೆಯದು, ಪ್ರಮಾಣ ಹೊಸದು. ವಚನದ ಕಾವ್ಯಶಕ್ತಿ ಈ ಪಲ್ಲಟದಲ್ಲಿದೆ.

ಹಾಗಾದರೆ ಹಳೆಯ ಶಬ್ದಗಳೇಕೆ ಬೇಕು ಎಂದು ಕೇಳಬಹುದು. ಅಂಜಿದವನನ್ನು ಅವನ ಭಾಷೆಯಲ್ಲಿಯೇ ಸಂತೈಸಬೇಕಷ್ಟೆ. ದಿನ ಕೆಟ್ಟದೆಂದು ಹೆದರಿದವನಿಗೆ ದಿನವೇ ಇಲ್ಲವೆಂದರೆ ಧೈರ್ಯ ಬಾರದು. ದಿನ ಒಳ್ಳೆಯದೆಂದರೆ ಬರುತ್ತದೆ. ನಿರಾಕರಣೆಗಿಂತ ಇಲ್ಲಿ ಕರುಣೆಯೇ ಮುಂದಾಗಿದೆ.

ಮನವು ಶಿವನಲ್ಲಿ ಲಗ್ನವಾಯಿತೆಂದೂ ನಾವು ಹೇಳುತ್ತೇವೆ. ದಿಗಂತಕ್ಕೆ ತಾಗಿದ ರಾಶಿಯಿಂದ ದಂಪತಿಗಳ ಕೂಟಕ್ಕೂ, ಅಲ್ಲಿಂದ ಶರಣಸತಿ ಲಿಂಗಪತಿಯೆಂಬ ಐಕ್ಯಭಾವಕ್ಕೂ ಸಲ್ಲುವಂತೆ ಈ ಶಬ್ದವು ಬೆಳೆದಿದೆ. ಮೊದಲಿನ ‘ಅಂಟು’ ಎಲ್ಲಿಯೂ ತಪ್ಪಿಲ್ಲ. ಮದುವೆಯ ಮಂಟಪದಲ್ಲಿ ಆ ವಚನವನ್ನು ಹಾಡಿಸುವವರೇ, ಒಪ್ಪಿದ ಎರಡು ಮನಗಳನ್ನು ಜಾತಕ ಕೂಡದೆಂದು ಅಗಲಿಸುವುದುಂಟು. ಅಲ್ಲಿ ವಚನವು ಬರಿಯ ಮಂಗಳವಾದ್ಯವಾಗುತ್ತದೆ. ಅದನ್ನು ಅರಿತು ಹಾಡುವವರು ಮೊದಲು ಆ ಎರಡು ಮನಗಳ ಲಗ್ನವನ್ನು ನೋಡಬೇಕು.