ಮುಂದಿನ ಶಾಫ್ಟ್ ಇಲ್ಲದ ಜೀಪು

ಹಳೆಯ ಜೀಪು ಮಾರಾಟಕ್ಕೆ ಬಂದಾಗ ಕೊಳ್ಳುವವರು ಬಾನೆಟ್ ಎತ್ತಿ ಎಂಜಿನ್ ನೋಡುತ್ತಾರೆ, ಟೈರು ತಟ್ಟಿ ನೋಡುತ್ತಾರೆ. ಕೆಳಗೆ ಬಗ್ಗಿ ನೋಡುವವರು ಕಡಿಮೆ. ಬಗ್ಗಿದರೆ ಎಷ್ಟೋ ಜೀಪುಗಳಲ್ಲಿ ಒಂದು ಸಾಮಾನು ಕಾಣುವುದೇ ಇಲ್ಲ. ಅದು ಎಂಜಿನ್ನಿನ ಶಕ್ತಿಯನ್ನು ಮುಂದಿನ ಗಾಲಿಗಳಿಗೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್. ಕೆಲವು ಜೀಪುಗಳಲ್ಲಿ ಮುಂದಿನ ಹೌಸಿಂಗ್ ಕೂಡ ಇರುವುದಿಲ್ಲ, ಅದರ ಜಾಗದಲ್ಲಿ ಯಾವುದೋ ಗಾಡಿಯ ಬೀಮ್ ಎಕ್ಸಲ್ ಕೂತಿರುತ್ತದೆ. ಫೋರ್ ವ್ಹೀಲ್ ಗಾಡಿಯನ್ನು ಟೂ ವ್ಹೀಲ್ ಮಾಡುವ ಈ ರೂಢಿ ದೇಶದ ಗ್ಯಾರೇಜುಗಳಲ್ಲಿ ದಶಕಗಳಿಂದ ನಡೆದು ಬಂದಿದೆ. ಅದರಲ್ಲಿ ಒಪ್ಪುವಂಥದ್ದೂ ಇದೆ, ಒಪ್ಪಲಾಗದ್ದೂ ಇದೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕಿ ‘ಕನ್ವರ್ಶನ್’ ಎಂದು ಕರೆಯುವುದರಿಂದಲೇ ಒಳ್ಳೆಯ ಜೀಪುಗಳು ಹಾಳಾಗುತ್ತಿವೆ.

ಈ ಗಾಡಿಗಳ ಮೂಲ ಎರಡನೆಯ ಮಹಾಯುದ್ಧದ ವಿಲ್ಲೀಸ್ ಜೀಪು. ಯುದ್ಧ ಮುಗಿದ ಮೇಲೆ ವಿಲ್ಲೀಸ್ ಕಂಪನಿ ರೈತರಿಗಾಗಿ ಸಿಜೆ ಸಾಲಿನ ಗಾಡಿಗಳನ್ನು ತಂದಿತು. 1953ರಲ್ಲಿ ಬಂದ ಸಿಜೆ-3ಬಿಯನ್ನು ಮಹೀಂದ್ರಾ ಕಂಪನಿ ಭಾರತದಲ್ಲಿ ದಶಕಗಳ ಕಾಲ ತಯಾರಿಸಿತು. ಅದರ ಎತ್ತರದ ಬಾನೆಟ್ ಸರ್ಕಾರಿ ಕಚೇರಿಗಳ ಮುಂದೆ, ಸಕ್ಕರೆ ಕಾರ್ಖಾನೆಗಳ ಅಂಗಳದಲ್ಲಿ, ಸಿನಿಮಾದಲ್ಲಿ ಎಲ್ಲರಿಗೂ ಪರಿಚಿತ. ಮುಂದೆ 2112 ಸಿಸಿ ಪ್ಯೂಜೋ ಡೀಸೆಲ್ ಎಂಜಿನ್ನಿನ ಎಂಎಂ 540 ಬಂತು. ಕಮಾಂಡರ್ ಜೀಪಿನಲ್ಲಂತೂ ಕಂಪನಿಯೇ ಟೂ ವ್ಹೀಲ್ ಮಾದರಿಯನ್ನು ಮಾರಿತು. ಹಾಗಾಗಿ ಜೀಪು ಎಂದರೆ ನಾಲ್ಕೂ ಗಾಲಿ ಎಳೆಯಲೇಬೇಕು ಎಂಬ ಹಠಕ್ಕೆ ಅರ್ಥವಿಲ್ಲ.

ಟೂ ವ್ಹೀಲ್ ಮಾಡಿಸುವವರು ಮೂರು ಕಾರಣ ಹೇಳುತ್ತಾರೆ: ಡೀಸೆಲ್ ಉಳಿಯುತ್ತದೆ, ಟೈರು ಬಾಳಿಕೆ ಬರುತ್ತದೆ, ರಿಪೇರಿ ತಪ್ಪುತ್ತದೆ.

ಟೈರಿನ ಮಾತು ಅರ್ಧ ನಿಜ. ತಿರುವಿನಲ್ಲಿ ಮುಂದಿನ ಗಾಲಿಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಉರುಳುತ್ತವೆ. ಈ ವ್ಯತ್ಯಾಸವನ್ನು ಸರಿದೂಗಿಸುವ ನಡುವಿನ ಡಿಫರೆನ್ಷಿಯಲ್ ಹಳೆಯ ಜೀಪಿನಲ್ಲಿಲ್ಲ. ಡಾಂಬರಿನ ಮೇಲೆ ಫೋರ್ ವ್ಹೀಲ್ ಹಾಕಿ ಓಡಿಸಿದರೆ ಸ್ಟೇರಿಂಗ್ ಬಿಗಿಯುತ್ತದೆ, ಟೈರು ಸವೆಯುತ್ತದೆ, ಗೇರುಗಳು ಒತ್ತಡ ತಿನ್ನುತ್ತವೆ. ಆದರೆ ಅದಕ್ಕೆ ಶಾಫ್ಟ್ ಬಿಚ್ಚಬೇಕಿಲ್ಲ. ಲಿವರ್ ಸರಿಸಿ ಫೋರ್ ವ್ಹೀಲ್ ತೆಗೆದರೆ ಸಾಕು, ಗಾಡಿ ಹಿಂದಿನ ಗಾಲಿಗಳಿಂದಷ್ಟೇ ಓಡುತ್ತದೆ.

ಡೀಸೆಲ್ ಉಳಿತಾಯದ ಮಾತು ಇನ್ನೂ ಸಡಿಲು. ಶಾಫ್ಟ್ ಬಿಚ್ಚಿದ ಮೇಲೂ, ಹಬ್ಬಿನಲ್ಲಿ ಫ್ರೀ ವ್ಹೀಲಿಂಗ್ ವ್ಯವಸ್ಥೆ ಇಲ್ಲದಿದ್ದರೆ, ಮುಂದಿನ ಗಾಲಿಗಳು ಉರುಳುತ್ತ ಒಳಗಿನ ಎಕ್ಸಲ್ ಶಾಫ್ಟು, ಕ್ರೌನ್, ಪಿನಿಯನ್ ಎಲ್ಲವನ್ನೂ ತಿರುಗಿಸುತ್ತಲೇ ಇರುತ್ತವೆ. ಹೌಸಿಂಗಿನ ದಪ್ಪ ಎಣ್ಣೆಯನ್ನು ಕಲಕುವ ಕೆಲಸವೂ ತಪ್ಪುವುದಿಲ್ಲ. ನಿಂತದ್ದು ಒಂದು ಶಾಫ್ಟ್ ಮಾತ್ರ. ಅಮೆರಿಕದ ವಾರ್ನ್ ಕಂಪನಿ 1948ರಲ್ಲೇ ಜೀಪಿಗಾಗಿ ಲಾಕಿಂಗ್ ಹಬ್ ತಯಾರಿಸಿದ್ದು ಇದೇ ಕಾರಣಕ್ಕೆ. ಬೇಡವಾದಾಗ ಹಬ್ ತಿರುಗಿಸಿ ಗಾಲಿಯನ್ನು ಎಕ್ಸಲಿನಿಂದ ಬೇರ್ಪಡಿಸಬಹುದು, ಬೇಕಾದಾಗ ಮತ್ತೆ ಕೂಡಿಸಬಹುದು. ಗಾಡಿಯ ಒಂದು ಬೋಲ್ಟನ್ನೂ ಕಳೆದುಕೊಳ್ಳದೆ ಉಳಿತಾಯ ಕೊಡುವ ಉಪಾಯವಿದು.

ರಿಪೇರಿಯ ಕಾರಣ ಮಾತ್ರ ಗಟ್ಟಿಯಾದದ್ದು. ತುದಿಯ ಕೀಲಾದ ಕ್ರಾಸ್ ಸವೆದ ಶಾಫ್ಟ್ ವೇಗದಲ್ಲಿ ಇಡೀ ಗಾಡಿಯನ್ನು ನಡುಗಿಸುತ್ತದೆ. ಸ್ಟೇರಿಂಗ್ ತಿರುಗುವ ಜಾಗದ ಗುಂಡಿನಂಥ ನಕಲ್‌ನಲ್ಲಿ ಸೀಲ್ ಹೋದರೆ ಎಣ್ಣೆ ಸೋರಿ ಗಾಲಿಯ ಒಳಮೈಯೆಲ್ಲ ಜಿಡ್ಡಾಗುತ್ತದೆ, ಬ್ರೇಕ್ ಡ್ರಮ್ಮಿಗೂ ಇಳಿಯುತ್ತದೆ. ಇಂಥ ಹೊತ್ತಿನಲ್ಲಿ ಎರಡೂ ತುದಿಯ ಬೋಲ್ಟ್ ಬಿಚ್ಚಿ ಶಾಫ್ಟ್ ತೆಗೆದಿಡುವುದು ತಪ್ಪಲ್ಲ. ಮತ್ತೆ ಕೂಡಿಸಬಹುದಾದ ಕೆಲಸವದು. ಆದರೆ ಸೀಲ್ ಸೋರಿತೆಂದು ಎಕ್ಸಲನ್ನೇ ಕಿತ್ತು ಗುಜರಿಗೆ ಹಾಕುವುದು ನೆಗಡಿ ಬಂತೆಂದು ಮೂಗು ಕೊಯ್ದುಕೊಂಡಂತೆ.

ಕಿತ್ತಾಗ ಏನು ಹೋಗುತ್ತದೆ ಎಂಬುದನ್ನು ಲೆಕ್ಕದಲ್ಲೇ ನೋಡಬಹುದು. ಸಿಜೆ-3ಬಿಯ ಮೊದಲನೆಯ ಗೇರಿನ ಅನುಪಾತ ಸುಮಾರು 2.8, ಎಕ್ಸಲಿನದು 5.38. ಎರಡನ್ನೂ ಗುಣಿಸಿದರೆ 15. ಎಳೆತವನ್ನು ಮುಂದಿನ, ಹಿಂದಿನ ಎಕ್ಸಲುಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸಿನ ಲೋ ಗೇರು ಇದನ್ನು ಇನ್ನೂ 2.46 ಪಟ್ಟು ಹೆಚ್ಚಿಸುತ್ತದೆ, ಅಂದರೆ 37. ಚಿಕ್ಕ ಎಂಜಿನ್ನಿನ ಜೀಪು ಆಳದ ರಾಡಿಯಿಂದ ನಡೆದೇ ಹೊರಬರುವುದು ಈ 37ರ ಬಲದಿಂದ. ಹಳೆಯ ಎರಡು ಲಿವರ್‌ಗಳ ಜೀಪಿನಲ್ಲಿ ಫೋರ್ ವ್ಹೀಲ್ ಹಾಕದೆ ಲೋ ಗೇರು ಬೀಳದಂತೆ ಒಳಗೇ ತಡೆ ಇಟ್ಟಿದ್ದರು. ಆ ಭಾರವನ್ನು ಎರಡು ಎಕ್ಸಲುಗಳು ಹಂಚಿಕೊಳ್ಳಲಿ ಎಂಬುದು ಅದರ ಉದ್ದೇಶ. ಶಾಫ್ಟ್ ಬಿಚ್ಚಿದ ಜೀಪಿನಲ್ಲಿ ಲಿವರ್ ಎಳೆದು ಲೋ ಹಾಕಿದರೆ ಪೂರ್ತಿ ಎಳೆತ ಹಿಂದಿನ ಎಕ್ಸಲಿನ ಮೇಲೆಯೇ ಬೀಳುತ್ತದೆ. ಹೇರು ಹೊತ್ತ ಗಾಡಿಯಲ್ಲಿ ಹಿಂದಿನ ಎಕ್ಸಲ್ ತುಂಡಾದರೆ ಅದು ವಿಲ್ಲೀಸ್‌ನ ದೋಷವಲ್ಲ.

ಟ್ರಾನ್ಸ್‌ಫರ್ ಕೇಸನ್ನೇ ತೆಗೆಯಲು ಹೊರಟವರಿಗೆ ಮತ್ತೊಂದು ತೊಡಕು ಎದುರಾಗುತ್ತದೆ. ಈ ಜೀಪಿನ ಹಿಂದಿನ ಎಕ್ಸಲಿನಲ್ಲಿ ಕ್ರೌನ್-ಪಿನಿಯನ್ ಇರುವ ಉಬ್ಬು ನಟ್ಟನಡುವೆ ಇಲ್ಲ, ಬಲಕ್ಕೆ ಸರಿದಿದೆ. ಟ್ರಾನ್ಸ್‌ಫರ್ ಕೇಸಿನಿಂದ ಶಾಫ್ಟ್ ಹೊರಬರುವುದೂ ಬಲಕ್ಕೇ. ಕೇಸ್ ತೆಗೆದು ನೇರ ಗೇರ್‌ಬಾಕ್ಸ್ ಕೂಡಿಸಿದರೆ ಶಾಫ್ಟ್ ಓರೆಯಾಗಿ ತಿರುಗುತ್ತದೆ, ಕ್ರಾಸ್‌ಗಳು ಬೇಗ ಸವೆಯುತ್ತವೆ. ಮುಂದೆ ಬೀಮ್ ಎಕ್ಸಲ್ ಕೂಡಿಸುವುದು ಇದಕ್ಕಿಂತ ಅಪಾಯದ ಕೆಲಸ. ಕಿಂಗ್‌ಪಿನ್ನಿನ ಓರೆ, ಡ್ರ್ಯಾಗ್ ಲಿಂಕ್ ಆಡುವ ದಾರಿ, ಬ್ರೇಕ್ ಪೈಪಿನ ಉದ್ದ ಇವೆಲ್ಲ ಒಂದಕ್ಕೊಂದು ಹೊಂದಿಕೊಂಡಿರಬೇಕು. ವೆಲ್ಡಿಂಗ್ ಮಾಡಿ ಅಂದಾಜಿನ ಮೇಲೆ ಕೂಡಿಸಿದರೆ ಬ್ರೇಕ್ ಒತ್ತಿದಾಗ ಗಾಡಿ ಒಂದು ಕಡೆ ಎಳೆಯುತ್ತದೆ.

ಮಹೀಂದ್ರಾ ಕಂಪನಿ ಇದೇ ಕೆಲಸ ಮಾಡುವ ರೀತಿ ಬೇರೆ. 2020ರಲ್ಲಿ ಬಂದ ಹೊಸ ಥಾರ್ ಮೊದಲು ಫೋರ್ ವ್ಹೀಲ್‌ನಲ್ಲಷ್ಟೇ ಸಿಗುತ್ತಿತ್ತು. 2023ರ ಜನವರಿಯಲ್ಲಿ ಟೂ ವ್ಹೀಲ್ ಥಾರ್ ಬಂದಾಗ ಅದರ ಆರಂಭದ ಬೆಲೆ 9.99 ಲಕ್ಷ ರೂಪಾಯಿ. ಡೀಸೆಲ್ ಮಾದರಿಗೆ 1.5 ಲೀಟರ್‌ನ ಚಿಕ್ಕ ಎಂಜಿನ್ ಕೊಟ್ಟು, ಗಾಡಿಯನ್ನು ಹಿಂದಿನ ಗಾಲಿಗಳ ಎಳೆತಕ್ಕೆಂದೇ ರೂಪಿಸಿದ್ದರು. ಅದು ಪೂರ್ಣವಾದ ಟೂ ವ್ಹೀಲ್ ಗಾಡಿ. ಗ್ಯಾರೇಜಿನಲ್ಲಿ ಹುಟ್ಟುವುದು ಕೈ ಕಳೆದುಕೊಂಡ ಫೋರ್ ವ್ಹೀಲ್.

ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ನೆಲದ ಮೇಲಿಟ್ಟು ನೋಡಿದರೆ ತೀರ್ಮಾನ ಇನ್ನಷ್ಟು ಸ್ಪಷ್ಟವಾಗುತ್ತದೆ. ಸಂಕೇಶ್ವರದ ಪಕ್ಕದಲ್ಲೇ ರಾಷ್ಟ್ರೀಯ ಹೆದ್ದಾರಿ 48 ಹಾದುಹೋಗುತ್ತದೆ. ಅಲ್ಲಿಂದ ಬೆಳಗಾವಿಗೋ ನಿಪ್ಪಾಣಿಗೋ ಓಡುವ ಜೀಪಿಗೆ ಮುಂದಿನ ಶಾಫ್ಟ್ ಇದ್ದರೂ ಒಂದೇ, ಬಿಟ್ಟರೂ ಒಂದೇ. ಆದರೆ ಹಿಡಕಲ್ ಜಲಾಶಯದ ಕಾಲುವೆ ನೀರುಂಡ ಕಬ್ಬಿನ ಹೊಲಗಳ ದಾರಿ ಬೇರೆ ಲೋಕ. ಎರೆಮಣ್ಣು ಒಂದು ದೊಡ್ಡ ಮಳೆಗೆ ಗಾಲಿಯ ಹಲ್ಲುಗಳನ್ನೆಲ್ಲ ಮೆತ್ತಿಬಿಡುತ್ತದೆ. ಹಿಂದಿನ ಗಾಲಿಗಳು ನಿಂತಲ್ಲೇ ತಿರುಗುತ್ತ ಎಕ್ಸಲ್ ಮುಟ್ಟುವವರೆಗೆ ಗುಂಡಿ ತೋಡುತ್ತವೆ. 2019ರ ಆಗಸ್ಟ್‌ನಲ್ಲಿ ಘಟಪ್ರಭಾ ಉಕ್ಕಿ ಗೋಕಾಕ ಪಟ್ಟಣಕ್ಕೆ ನುಗ್ಗಿತ್ತು, ಲೋಳಸೂರ ಸೇತುವೆ ಮುಳುಗಿತ್ತು. ನೆರೆ ಇಳಿದ ಮೇಲೆ ನದಿಯಂಚಿನ ಹಾದಿಗಳಲ್ಲಿ ಉಳಿಯುವ ರಾಡಿಯಲ್ಲಿ ನಾಲ್ಕೂ ಗಾಲಿ ಎಳೆಯುವ ಗಾಡಿಯ ಬೆಲೆ ತಿಳಿಯುತ್ತದೆ. ಕೊಡಚಾದ್ರಿ ಹತ್ತುವ, ಕೊಡಗಿನ ಮಾಂದಲಪಟ್ಟಿಗೆ ಹೋಗುವ ಬಾಡಿಗೆ ಜೀಪಿನವರು ಮುಂದಿನ ಎಳೆತವನ್ನು ಜತನದಿಂದ ಕಾಪಾಡಿಕೊಳ್ಳುವುದಕ್ಕೂ ಅವರ ದಾರಿಯೇ ಕಾರಣ.

ಕಾನೂನನ್ನೂ ಮರೆಯುವಂತಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರ ವಿವರಣೆಗೆ ವಿರುದ್ಧವಾಗಿ ಗಾಡಿಯನ್ನು ಬದಲಿಸುವುದನ್ನು ತಡೆಯುತ್ತದೆ. 2019ರ ತಿದ್ದುಪಡಿಯ ನಂತರ ಅನುಮತಿಯಿಲ್ಲದ ಪ್ರತಿ ಬದಲಾವಣೆಗೆ ಮಾಲೀಕರಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು ಅಥವಾ ಎರಡೂ ಆಗಬಹುದು. 2021ರ ವಿಂಟೇಜ್ ವಾಹನ ನಿಯಮ 50 ವರ್ಷ ದಾಟಿದ ಗಾಡಿಗಳಿಗೆ ಪ್ರತ್ಯೇಕ ನೋಂದಣಿ ಕೊಡುತ್ತದೆ, ಆದರೆ ಗಾಡಿ ಮೂಲರೂಪದಲ್ಲಿ ಇರಬೇಕೆಂಬುದು ಅದರ ಷರತ್ತು. 1970ರ ಸುಮಾರಿನ ಸಿಜೆ-3ಬಿಗಳು ಈಗ ಆ ವಯಸ್ಸು ದಾಟಿವೆ.

ಆದ್ದರಿಂದ ಡಾಂಬರು ಬಿಟ್ಟು ಇಳಿಯದ ಜೀಪಿನವರು ಶಾಫ್ಟ್ ಬಿಚ್ಚಲಿ, ಕ್ರಾಸ್‌ಗಳಿಗೆ ಗ್ರೀಸ್ ತುಂಬಿ, ಬೋಲ್ಟುಗಳ ಸಮೇತ ಗೋಣಿಚೀಲದಲ್ಲಿ ಸುತ್ತಿಡಲಿ. ಮಾರುವಾಗ ಅದನ್ನೂ ಗಾಡಿಯ ಜೊತೆ ಕೊಡಲಿ. ಹೌಸಿಂಗನ್ನೂ ಟ್ರಾನ್ಸ್‌ಫರ್ ಕೇಸನ್ನೂ ಗುಜರಿಗೆ ಕಳಿಸಿದ ಗಾಡಿಯನ್ನು ಮಾತ್ರ ಕೊಳ್ಳುವವರು ಫೋರ್ ವ್ಹೀಲ್ ಜೀಪಿನ ರೇಟಿಗೆ ಒಪ್ಪಬಾರದು. ಕಿತ್ತ ಸಾಮಾನನ್ನು ಹುಡುಕಿ ತಂದು ಮತ್ತೆ ಕೂಡಿಸುವ ಖರ್ಚು ಅವರ ತಲೆಯ ಮೇಲೆಯೇ ಬೀಳುತ್ತದೆ.