ಸರ್ಕಸ್ ರಂಗದಲ್ಲಿ ‘ಪಶ್ಚಿಮಯಾತ್ರೆ’

ಚಾಳುಕ್ಯ ಇಮ್ಮಡಿ ಪುಲಕೇಶಿಯ ರಾಜ್ಯವನ್ನು ವರ್ಣಿಸಿದ ಚೀನೀ ಯಾತ್ರಿಕ ಹ್ಯೂಯೆನ್ ತ್ಸಾಂಗನನ್ನು ಕನ್ನಡಿಗರು ಬಲ್ಲರು. ಕ್ರಿ.ಶ. 645ರಲ್ಲಿ ಆತನು 657 ಬೌದ್ಧಗ್ರಂಥಗಳೊಡನೆ ಸ್ವದೇಶಕ್ಕೆ ಹಿಂದಿರುಗಿದನು. ಆ ಯಾತ್ರೆಯ ಸುತ್ತ ಬೆಳೆದ ಕಥೆಗಳು ಹದಿನಾರನೆಯ ಶತಮಾನದಲ್ಲಿ ನೂರು ಅಧ್ಯಾಯಗಳ ‘ಪಶ್ಚಿಮಯಾತ್ರೆ’ ಎಂಬ ಕಾದಂಬರಿಯ ರೂಪ ತಾಳಿದುವು. ಅಲ್ಲಿ ಭಿಕ್ಷುವಿಗಿಂತ ಕಪಿರಾಜ ಸುನ್ ವುಕಾಂಗನೇ ಪ್ರಧಾನನಾದನು.

2007ರಲ್ಲಿ ಮ್ಯಾಂಚೆಸ್ಟರಿನಲ್ಲಿ ಮೊದಲು ಪ್ರದರ್ಶಿತವಾದ ‘ಮಂಕಿ: ಜರ್ನಿ ಟು ದಿ ವೆಸ್ಟ್’ ಈ ಕಾದಂಬರಿಯ ಸರ್ಕಸ್ ರೂಪದ ಗೀತನಾಟಕ. ಚೆನ್ ಷಿ-ಜೆಂಗ್ ಇದರ ನಿರ್ದೇಶಕರು. ಸಂಗೀತ ಡೇಮನ್ ಆಲ್ಬರ್ನ್ ಅವರದು, ದೃಶ್ಯವಿನ್ಯಾಸ ಜೇಮಿ ಹ್ಯೂಲೆಟ್ ಅವರದು. ಹಾಡುಗಳು ಚೀನೀ ಭಾಷೆಯಲ್ಲಿವೆ.

ಸ್ವರ್ಗದ ಮೇಲೆಯೇ ದಂಗೆಯೇಳುವ ಕಪಿಯನ್ನು ತೋರಿಸಲು ಲಾಗ ಹಾಕುವ ಕಲಾವಿದರ ಅಂಗಸಾಧನೆಯು ಅತ್ಯಂತ ಉಚಿತವಾದ ಮಾಧ್ಯಮವೆಂಬುದನ್ನು ನಾವು ಒಪ್ಪುತ್ತೇವೆ. ಆದರೆ ಆ ದಂಗೆಯ ವೃತ್ತಾಂತ ಮೂಲದಲ್ಲಿ ಮೊದಲ ಏಳು ಅಧ್ಯಾಯಗಳಲ್ಲಿಯೇ ಮುಗಿಯುತ್ತದೆ. ಅನಂತರದ ದೀರ್ಘ ಪ್ರಯಾಣದಲ್ಲಿ ಒದಗುವ ಸಂಕಟಗಳು ಒಟ್ಟು ಎಂಬತ್ತೊಂದಕ್ಕೆ ಮುಟ್ಟುತ್ತವೆ. ಕಪಿಯು ಸಂಯಮವನ್ನು ಕಲಿಯುವುದು ಅವುಗಳ ಪುನರಾವೃತ್ತಿಯಿಂದ. ಸರ್ಕಸ್ಸಿನಲ್ಲಾದರೋ ಪ್ರತಿಯೊಂದು ಸಾಹಸವೂ ಹಿಂದಿನದನ್ನು ಮೀರಬೇಕು. ದಣಿವು ಪ್ರೇಕ್ಷಕನಿಗೆ ಕಾಣಕೂಡದು. ಆದುದರಿಂದ ಇಲ್ಲಿ ಕಪಿಯ ಪರಾಕ್ರಮವು ಮನಸ್ಸಿಗೆ ನಾಟುವಷ್ಟು ಅವನ ಪರಿಪಾಕವು ನಾಟುವುದಿಲ್ಲ. ವರ್ಷಗಟ್ಟಲೆ ನಡೆದ ಭಿಕ್ಷುವಿನ ಶ್ರಮವೂ ಹಿಂದೆ ಸರಿಯುತ್ತದೆ. ಈ ಗೀತನಾಟಕವನ್ನು ಮೆಚ್ಚಿದ ವಿದ್ಯಾರ್ಥಿಯು ಆ ಶ್ರಮವನ್ನು ಅರಿಯಲು ಕಾದಂಬರಿಗೂ ಯಾತ್ರಿಕನ ಚರಿತ್ರೆಗೂ ಮರಳುವುದು ಅವಶ್ಯಕ.