ಎರಡನೇ ಕರಡಿಗೆ ಕೂಲಿಯಿಲ್ಲ

ಅ.ನ. ಕೃಷ್ಣರಾಯರ ಬಗ್ಗೆ ಮಾತು ಶುರುವಾದರೆ ಮೊದಲು ಬರುವುದು ಸಂಖ್ಯೆ: ನೂರಕ್ಕೂ ಹೆಚ್ಚು ಕಾದಂಬರಿಗಳು. ಅಭಿಮಾನಿಗಳಿಗೆ ಅದು ಹೆಮ್ಮೆಯ ವಿಷಯ, ವಿಮರ್ಶಕರಲ್ಲಿ ಹಲವರಿಗೆ ಅದೇ ತೀರ್ಪು. ಅಷ್ಟೊಂದು ಬರೆದವರು ಚೆನ್ನಾಗಿ ಬರೆದಿರಲಾರರು ಎಂದು ಓದುವ ಮೊದಲೇ ನಿರ್ಧರಿಸಿಬಿಡುತ್ತೇವೆ. ಅಷ್ಟೊಂದನ್ನು ಯಾಕೆ ಬರೆಯಬೇಕಾಯಿತು ಎಂದು ಕೇಳುವುದು ಕಡಿಮೆ.

ಅನಕೃ (1908–1971) ಬರವಣಿಗೆಯನ್ನೇ ನಂಬಿ ಸಂಸಾರ ನಡೆಸಿದವರು. ಮಾಸ್ತಿಯವರಿಗೆ ಬಹುಕಾಲ ಸರ್ಕಾರಿ ಹುದ್ದೆಯಿತ್ತು. ಕುವೆಂಪು ಕಾಲೇಜಿನಲ್ಲಿ ಮೇಷ್ಟ್ರಾಗಿದ್ದರು. ಮುಂದೆ ಅನಂತಮೂರ್ತಿ, ಭೈರಪ್ಪ ಕೂಡ ಪಾಠ ಹೇಳುತ್ತಲೇ ಬರೆದರು. ಇವರ ಕಾದಂಬರಿ ತಡವಾದರೂ ತಿಂಗಳ ಸಂಬಳ ತಡವಾಗುತ್ತಿರಲಿಲ್ಲ. ಅನಕೃ, ತರಾಸು ಅವರದು ಬೇರೆ ಸಾಲು. ಅವರಿಗಿಂತ ಹಿಂದೆ ಗಳಗನಾಥರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದ್ದರು.

ಅನಕೃ ಕಾಲಕ್ಕೆ ಓದುಗರು ಹೆಚ್ಚಾಗಿದ್ದರು. ಹಾಗೆ ಹೆಚ್ಚಿಸಿದವರಲ್ಲಿ ಅವರೇ ಮುಂದಿದ್ದರು. ಆದರೆ ಓದಿದವರೆಲ್ಲ ಕೊಂಡವರಲ್ಲ. ಊರಿನ ಸರ್ಕ್ಯುಲೇಟಿಂಗ್ ಲೈಬ್ರರಿಯಲ್ಲಿ ಒಂದು ಪ್ರತಿ ದಿನಬಾಡಿಗೆಗೆ ಹೋಗಿ, ಬೈಂಡು ಕಿತ್ತುಬರುವವರೆಗೆ ಮನೆಮನೆ ಸುತ್ತುತ್ತಿತ್ತು. ಬಾಡಿಗೆ ಲೈಬ್ರರಿಯವನದು. ಲೇಖಕನ ಲೆಕ್ಕದಲ್ಲಿ ಮಾರಾಟವಾದದ್ದು ಒಂದೇ ಪ್ರತಿ. ಜನಪ್ರಿಯತೆ ಬಂದಷ್ಟು ವೇಗವಾಗಿ ದುಡ್ಡು ಬರುವುದಿಲ್ಲ ಎಂದಮೇಲೆ ಉಳಿಯುವ ದಾರಿ ಒಂದೇ: ಮುಂದಿನ ಕಾದಂಬರಿ.

ಈ ಲೆಕ್ಕ ಬರಹದೊಳಗೂ ಕಾಣುತ್ತದೆ. ಅನಕೃ ಸಂಭಾಷಣೆಯಲ್ಲಿ ಪಳಗಿದವರು. ಮನೆಯೊಳಗಿನ ಜಗಳ, ಸಲುಗೆ, ಮುನಿಸು ಅವರ ಕೈಯಲ್ಲಿ ಸಲೀಸಾಗಿ ಓಡುತ್ತವೆ. ಅಷ್ಟರಲ್ಲಿ ಯಾರೋ ಒಬ್ಬರು ಕಲೆಯ ಬಗ್ಗೆಯೋ ಸಮಾಜದ ಬಗ್ಗೆಯೋ ಮಾತು ತೆಗೆಯುತ್ತಾರೆ. ಪಾತ್ರ ಕುಳಿತುಕೊಂಡು ಕಾದಂಬರಿಕಾರರೇ ಎದ್ದು ನಿಲ್ಲುತ್ತಾರೆ. ಇದನ್ನು ಪ್ರತಿಭೆಯ ಕೊರತೆ ಎನ್ನಲು ನನಗೆ ಮನಸ್ಸಿಲ್ಲ. ಇಂಥ ಭಾಷಣಗಳು ಮೊದಲ ಕರಡಿನಲ್ಲಿ ಎಲ್ಲರಿಗೂ ಬರುತ್ತವೆ. ಅವು ಹೋಗುವುದು ತಿದ್ದುವಾಗ. ಪ್ರಕಾಶಕ ಹಣ ಕೊಡುವುದು ಮುಗಿದ ಪುಸ್ತಕಕ್ಕೆ. ಅದನ್ನೇ ಮತ್ತೆ ಮೂರು ತಿಂಗಳು ತಿದ್ದಿದರೆ ಆ ದುಡಿಮೆಗೆ ಕೂಲಿಯಿಲ್ಲ.

ಕಲಾವಿದರನ್ನೇ ನಾಯಕರನ್ನಾಗಿ ಮಾಡಿಕೊಂಡ ಮೂರು ಕಾದಂಬರಿಗಳನ್ನು ಈ ದೃಷ್ಟಿಯಿಂದ ಮತ್ತೆ ಓದಬೇಕು. ‘ಸಂಧ್ಯಾರಾಗ’ದಲ್ಲಿ ಗಾಯಕ, ‘ಉದಯರಾಗ’ದಲ್ಲಿ ಚಿತ್ರಕಾರ, ‘ನಟಸಾರ್ವಭೌಮ’ದಲ್ಲಿ ರಂಗನಟ. ‘ಸಂಧ್ಯಾರಾಗ’ದಲ್ಲಿ ಸಂಗೀತ ಆರಾಧನೆಯಾಗಿದೆ, ಸಂಸಾರ ಅದಕ್ಕೆ ಅಡ್ಡಿ. 1966ರಲ್ಲಿ ಅದು ಸಿನಿಮಾ ಆದಾಗ ಜನ ಮೆಚ್ಚಿದ್ದೂ ಆ ಆರಾಧನೆಯನ್ನೇ. ಕಲೆಯಿಂದ ಹೊಟ್ಟೆ ಹೊರೆಯುವವನ ದಿನನಿತ್ಯದ ಲೆಕ್ಕಾಚಾರವನ್ನು ಅನಕೃ ಅವರಷ್ಟು ಬಲ್ಲವರು ವಿರಳ. ಆದರೆ ಆ ತಿಳಿವಳಿಕೆಯನ್ನು ಅವರು ತಮ್ಮ ಗಾಯಕನಿಗೆ ಕೊಡಲಿಲ್ಲ. ತಮಗೆ ಸಿಗದ ಬಿಡುವನ್ನು ಕೊಟ್ಟರು. ‘ನಟಸಾರ್ವಭೌಮ’ ನನಗೆ ಹೆಚ್ಚು ಗಟ್ಟಿಯೆನಿಸುವುದು ಇದರಿಂದಲೇ. ನಾಟಕ ಕಂಪನಿಯೆಂದರೆ ಕ್ಯಾಂಪು, ಕಲೆಕ್ಷನ್ನು, ನಾಳೆಯ ಆಟ. ಅಲ್ಲಿ ಕಲೆಯನ್ನು ದುಡಿಮೆಯಿಂದ ಬಿಡಿಸಿ ಪೂಜೆಗೆ ಕೂರಿಸುವುದು ಸುಲಭವಲ್ಲ.

ವೃತ್ತಿಯ ಒತ್ತಡದಲ್ಲಿ ಅವರು ಧೈರ್ಯ ಕಳೆದುಕೊಳ್ಳಲಿಲ್ಲ ಎಂಬುದನ್ನೂ ಹೇಳಬೇಕು. ವೇಶ್ಯಾಜೀವನವನ್ನು ಕುರಿತ ‘ನಗ್ನಸತ್ಯ’, ‘ಶನಿಸಂತಾನ’, ‘ಸಂಜೆಗತ್ತಲು’ ಅಶ್ಲೀಲವೆಂಬ ಆಕ್ಷೇಪ ಎದ್ದಾಗ ಹಿಂದೆ ಸರಿಯದೆ ‘ಸಾಹಿತ್ಯ ಮತ್ತು ಕಾಮಪ್ರಚೋದನೆ’ ಬರೆದು ಉತ್ತರ ಕೊಟ್ಟರು. ಓದುಗರನ್ನೇ ನೆಚ್ಚಿ ಬದುಕುವವನಿಗೆ ಇದು ಸಣ್ಣ ಪಣವಲ್ಲ.

ನೂರನ್ನೂ ಎತ್ತಿಹಿಡಿಯಬೇಕಾಗಿಲ್ಲ, ನೂರು ಎಂಬ ಕಾರಣಕ್ಕೆ ಎಲ್ಲವನ್ನೂ ಬದಿಗಿಡಬೇಕಾಗಿಯೂ ಇಲ್ಲ. ಯಾವ ಹತ್ತು ನಿಲ್ಲುತ್ತವೆ, ಅವುಗಳಲ್ಲಿ ಯಾವ ಪುಟಗಳು ನಿಲ್ಲುತ್ತವೆ ಎಂದು ಕುಳಿತು ಓದಿ ಹೇಳಬೇಕು. ಅದು ಅನಕೃ ಅವರಿಗೆ ಬಿಡುವು ಸಿಗದೆ ಉಳಿದುಹೋದ ಕೆಲಸ. ಈಗ ಸಂಬಳ ಬರುವ ವಿಮರ್ಶಕರಾದರೂ ಅದನ್ನು ಮಾಡಬಹುದು.